ಕ್ಷಮಿಸಿದ ಮೇಲೂ ಲೆಕ್ಕ ಕೇಳಬಹುದೇ?

ಪ್ರಶ್ನೆ: ನಮ್ಮ ಚರ್ಚಿನ ಸಭೆಯ ಖಜಾಂಚಿ ಕಟ್ಟಡ ನಿಧಿಯ ಹಣ ಬಳಸಿಕೊಂಡಿದ್ದು ಬಯಲಾಯಿತು. ಭಾನುವಾರದ ಆರಾಧನೆಯಲ್ಲಿ ಎಲ್ಲರೆದುರು ಅತ್ತು ಕ್ಷಮೆ ಕೇಳಿದರು. ಈಗ ಲೆಕ್ಕ ಕೇಳಿದರೆ, ‘ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಕರ್ತನೇ ಹೇಳಿಲ್ಲವೇ’ ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ. ಲೆಕ್ಕ ಕೇಳುವುದು ಅವಿಶ್ವಾಸವೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅಲ್ಲ. ಕ್ಷಮಿಸುವುದು ನೊಂದವರಿಗೆ ಸೇರಿದ್ದು, ತೆಗೆದದ್ದನ್ನು ತುಂಬಿಕೊಡುವುದು ತಪ್ಪು ಮಾಡಿದವರಿಗೆ ಸೇರಿದ್ದು. ಒಂದು ನಡೆಯಿತೆಂದು ಇನ್ನೊಂದು ರದ್ದಾಗುವುದಿಲ್ಲ. ಅವರು ಹೇಳುವ ಮಾತು ಬೈಬಲಿನ ಮತ್ತಾಯ 18:22ರಲ್ಲಿದೆ. ಅದೇ ಅಧ್ಯಾಯದ 15ರಿಂದ 17ನೇ ವಚನಗಳನ್ನು ಓದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ ಎಂಬ ಕ್ರಮ ಅಲ್ಲಿದೆ. ಜೊತೆಗೆ ಹೋಗುವವರು ಬಲ ತೋರಿಸುವುದಕ್ಕೆ ಹೋಗುವವರಲ್ಲ. ಎರಡು ಮೂರು ಸಾಕ್ಷಿಗಳಿಲ್ಲದೆ ಯಾವ ಮಾತೂ ನಿಲ್ಲಬಾರದೆಂಬ ಧರ್ಮೋಪದೇಶಕಾಂಡ 19:15ರ ನಿಯಮವೇ ಇಲ್ಲಿಗೂ ಬಂದಿದೆ. ಅಂದರೆ ಆರೋಪ ಹೊತ್ತವರಿಗೂ ಅದು ರಕ್ಷಣೆ.

ಆದ್ದರಿಂದ ಎರಡು ಕಡೆಗೂ ನೆಂಟರಲ್ಲದ ಇಬ್ಬರನ್ನು ಆರಿಸಿ. ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಬಿಲ್ಲುಗಳನ್ನು ತಿಂಗಳುವಾರು ತಾಳೆ ಹಾಕಿಸಿ. ಕೊರತೆ ಎಷ್ಟೆಂದು ಬರೆದು, ಖಜಾಂಚಿಯೂ ಓದಿ ಸಹಿ ಹಾಕಲಿ. ಯಾವ ತಿಂಗಳು ಎಷ್ಟು ಕಟ್ಟುತ್ತಾರೆ ಎಂಬುದೂ ಅದೇ ಕಾಗದದಲ್ಲಿರಲಿ. ಇಂಥ ಪ್ರಕರಣಗಳು ಹಳಸುವುದೇ ಇಲ್ಲಿ: ‘ತಪ್ಪಾಯಿತು’ ಎಂಬ ಮಾತು ಬರುತ್ತದೆ, ಮೊತ್ತ ಬರುವುದಿಲ್ಲ. ಮೊತ್ತ ಗೊತ್ತಿಲ್ಲದಿದ್ದಾಗ ಹತ್ತು ಸಾವಿರ ಬಾಯಿಂದ ಬಾಯಿಗೆ ಲಕ್ಷವಾಗುತ್ತದೆ. ಪಶ್ಚಾತ್ತಾಪಪಟ್ಟವರಿಗೂ ಅದು ಅನ್ಯಾಯವೇ.

ಎಷ್ಟು ಹಿಂದಿರುಗಿಸಬೇಕು? ಯಾಜಕಕಾಂಡ 6ನೇ ಅಧ್ಯಾಯದ ಪ್ರಕಾರ, ವಂಚಿಸಿದವನು ಅಸಲಿನ ಜೊತೆ ಅದರ ಐದನೇ ಒಂದು ಪಾಲನ್ನೂ ಒಡೆಯನಿಗೆ ಕೊಡಬೇಕು. ₹50,000 ತೆಗೆದವರು ₹60,000 ಕಟ್ಟಬೇಕು ಎಂದಾಯಿತು. ಪಾಪಕ್ಷಮೆಗಾಗಿ ದೇವರಿಗೆ ಕೊಡುವ ಟಗರಿನ ಬಲಿಯ ಮಾತು ಅಲ್ಲಿ ಬರುವುದು ಇದಾದ ಮೇಲೆ. ಯೇಸುವನ್ನು ಕಂಡು ಬದಲಾದ ಸುಂಕದ ಅಧಿಕಾರಿ ಜಕ್ಕಾಯನಂತೂ, ವಂಚಿಸಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಕದ್ದು ಕೊಯ್ದ ಕುರಿಗೆ ವಿಮೋಚನಕಾಂಡ ವಿಧಿಸಿದ ಲೆಕ್ಕವದು. ನಾಲ್ಕರಷ್ಟು ಕೊಡೆಂದು ಸಭೆ ಯಾರನ್ನೂ ಒತ್ತಾಯಿಸಬಾರದು, ಅವನು ಅದನ್ನು ತಾನಾಗಿ ಹೇಳಿದ್ದು. ಅಸಲು ಮಾತ್ರ ಬಿಡುವಂಥದ್ದಲ್ಲ, ಏಕೆಂದರೆ ಆ ಹಣ ಕ್ಷಮಿಸಿದವರದ್ದಲ್ಲ, ಕಾಣಿಕೆ ಹಾಕಿದ ಎಲ್ಲರದ್ದು. ಕ್ಷಮೆ ಸಿಕ್ಕಿತೆಂದು ಚೆಕ್‌ಬುಕ್ಕನ್ನು ಮತ್ತೆ ಅವರ ಕೈಗೇ ಕೊಡಬೇಕಾಗಿಯೂ ಇಲ್ಲ. ಇನ್ನು ಮುಂದೆ ಯಾರೇ ಖಜಾಂಚಿಯಾದರೂ ಖಾತೆಗೆ ಇಬ್ಬರ ಸಹಿ ಇರಲಿ.

‘ಸಹೋದರರ ನಡುವಿನ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಬಾರದು’ ಎಂದು 1 ಕೊರಿಂಥ 6ನೇ ಅಧ್ಯಾಯವನ್ನು ಎತ್ತಿ ತೋರಿಸುವವರೂ ಇದ್ದಾರೆ. ಆ ಪತ್ರ ಬರೆದ ಅಪೊಸ್ತಲ ಪೌಲ ಅಲ್ಲಿ ಹೇಳುತ್ತಿರುವುದು ದಿನನಿತ್ಯದ ಸಣ್ಣ ವ್ಯಾಜ್ಯಗಳ ಬಗ್ಗೆ, ಮತ್ತು 8ನೇ ವಚನದಲ್ಲಿ ಅವನು ಗದರಿಸುವುದು ವಂಚಿಸಿದವರನ್ನೇ. ತನ್ನ ಮೇಲೆ ಅನ್ಯಾಯವಾಗುವ ಹೊತ್ತಿಗೆ ಅವನೇ ರೋಮಿನ ಚಕ್ರವರ್ತಿ ಕೈಸರನ ನ್ಯಾಯಾಸನಕ್ಕೆ ಮೊರೆಹೋದ (ಅಪೊಸ್ತಲರ ಕೃತ್ಯಗಳು 25:11).

ಒಂದು ಎಚ್ಚರಿಕೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ‘ಮೊದಲು ಒಬ್ಬರೇ ಹೋಗಿ ಮಾತಾಡಿ’ ಎಂಬ ಹೆಜ್ಜೆಯನ್ನು ಅನ್ವಯಿಸಲೇಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಸಭೆಯ ಮರ್ಯಾದೆ ಉಳಿಸಲು ಮಗುವನ್ನು ಬಲಿಕೊಡುವುದು ಕ್ಷಮೆಯಲ್ಲ.

ಪ್ರಶ್ನೆ: ನನಗೆ ಬಹಳ ಸಂದೇಹಗಳು. ತೋಮನ ಹಾಗೆ ಆಗಬೇಡ ಎನ್ನುತ್ತಾರೆ. ಸಂದೇಹ ಪಾಪವೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಯೇಸು ಸತ್ತು ಎದ್ದದ್ದನ್ನು ಕಣ್ಣಾರೆ ಕಾಣದೆ ನಂಬೆನೆಂದ ಶಿಷ್ಯ ತೋಮ. ಯೋಹಾನ 20:20 ಓದಿ. ಯೇಸು ಕೈಗಳನ್ನೂ ಪಕ್ಕೆಯನ್ನೂ ಉಳಿದ ಶಿಷ್ಯರಿಗೆ ಆಗಲೇ ತೋರಿಸಿದ್ದ. ತೋಮ ಕಣ್ಣಾರೆ ಕಾಣಬೇಕೆಂದದ್ದು ಅವರಿಗೆಲ್ಲ ಸಿಕ್ಕಿದ್ದನ್ನೇ. ಆಗ ಯೇಸು ಅವನನ್ನು ಹೊರಗೆ ಹಾಕಲಿಲ್ಲ, ‘ಬೆರಳು ಇಡು’ ಎಂದ. ನಿಮ್ಮ ಸಂದೇಹವನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ಅದು ಇತಿಹಾಸದ್ದೇ, ವಚನದ ಅರ್ಥದ್ದೇ, ಅಥವಾ ನೋವಿನಿಂದ ಹುಟ್ಟಿದ್ದೇ? ಮೊದಲ ಎರಡಕ್ಕೆ ಪುಸ್ತಕ ನೆರವಾದೀತು. ಮೂರನೆಯದಕ್ಕೆ ವಾದ ಹೂಡುವವರಿಂದ ದೂರವಿದ್ದು, ಸುಮ್ಮನೆ ಕೂತು ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್. ‘ಅವರಿಗೆ ಹೇಳಬೇಡಿ’ ಎಂದು ಮನೆಯವರೆಲ್ಲ ಅನ್ನುತ್ತಾರೆ. ‘ನನಗೇನಾಗಿದೆ’ ಎಂದು ಅಪ್ಪ ದಿನಾ ಕೇಳುತ್ತಾರೆ. ಸುಳ್ಳು ಹೇಳಬಹುದೇ?
– ಓದುಗರು, ಮೈಸೂರು

ಉತ್ತರ: ಪ್ರಾಚೀನ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಹೆಚ್ಚುಕಡಿಮೆ ಇದೇ ಸಂದರ್ಭ ತೆಗೆದುಕೊಂಡು ಚರ್ಚಿಸಿದ್ದಾನೆ: ಸಾವಿನಂಚಿನ ರೋಗಿ ತನ್ನ ಮಗನ ಬಗ್ಗೆ ಕೇಳುತ್ತಾನೆ, ಮಗ ಆಗಲೇ ತೀರಿಕೊಂಡಿದ್ದಾನೆ. ತನ್ನ ಕರುಳು ಕರಗುತ್ತದೆಂದು ಅಗಸ್ಟೀನ್ ಒಪ್ಪುತ್ತಾನೆ, ಆದರೂ ಸುಳ್ಳಿಗೆ ಒಪ್ಪುವುದಿಲ್ಲ. ಸತ್ಯವನ್ನು ಹೇಳದೆ ತಡೆದಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ ಎನ್ನುವುದು ಅವನ ನಿಲುವು. ನಿಮಗೆ ದಾರಿ ಇರುವುದು ಆ ಅಂತರದಲ್ಲೇ.

ಎಲ್ಲವನ್ನೂ ಒಂದೇ ಸಲ ಹೇಳಬೇಕಾಗಿಲ್ಲ. ಮೊದಲು ಅವರನ್ನೇ ಕೇಳಿ: ‘ಡಾಕ್ಟರ್ ಹೇಳಿದ್ದನ್ನೆಲ್ಲ ನಿಮಗೆ ಹೇಳಲೇ ಅಪ್ಪಾಜಿ, ಚಿಕಿತ್ಸೆಯ ವಿಷಯ ಮಾತ್ರ ಸಾಕೇ?’ ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ. ಬೇಕೆಂದರೆ, ಡಾಕ್ಟರ ಎದುರಿನಲ್ಲಿ, ಅವರಿಗೆ ನೋವು ಕಡಿಮೆಯಿರುವ ಹೊತ್ತಿನಲ್ಲಿ ಹೇಳಿ. ‘ಗ್ಯಾಸ್ಟ್ರಿಕ್ ಅಷ್ಟೇ’ ಎಂಬ ಸುಳ್ಳು ಬಹಳ ದಿನ ಉಳಿಯುವುದಿಲ್ಲ, ಕೀಮೋ ವಾರ್ಡಿನ ಬೋರ್ಡನ್ನು ಅವರೇ ಓದುತ್ತಾರೆ. ಆಮೇಲೆ ನೀವು ಹೇಳುವ ‘ನೋವು ಕಡಿಮೆಯಾಗುತ್ತೆ’ ಎಂಬ ನಿಜವನ್ನೂ ನಂಬುವುದಿಲ್ಲ. ಮುನಿದ ತಮ್ಮನನ್ನು ಕರೆಸಬೇಕು, ಉಯಿಲು ಬರೆಸಬೇಕು, ಪ್ರಭುಭೋಜನ ತೆಗೆದುಕೊಳ್ಳಬೇಕು ಎಂದು ಅವರ ಮನಸ್ಸಿನಲ್ಲಿದ್ದರೆ ಅದಕ್ಕೆ ದಿನಗಳು ಬೇಕು. ಆ ದಿನಗಳನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ಮನೆಯವರಿಗಿಲ್ಲ.