ಪಕ್ಕದ ವಾರ್ಡಿನಲ್ಲಿ ನಿಲ್ಲಬಹುದೇ ಎಂದು ಕೇಳಿದವರಿಗೆ

ಕಾಸರಗೋಡು ನಗರಸಭೆಯ ಒಂದು ವಾರ್ಡಿನಲ್ಲಿ ಮತವಿದ್ದು, ಪಕ್ಕದ ವಾರ್ಡಿನಲ್ಲಿ ಪಕ್ಷೇತರರಾಗಿ ನಿಲ್ಲಬಹುದೇ, ಕೈಯಿಂದ ಎಷ್ಟು ಹೋದೀತು ಎಂದು ಕೇಳಿದ್ದೀರಿ. ನಿಲ್ಲಬಹುದು. 21 ವರ್ಷ ತುಂಬಿದ್ದು, ನಗರಸಭೆಯ ಯಾವುದೇ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಆದರೆ ನಿಮ್ಮನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಹೊಸಬರು ಸಾಮಾನ್ಯವಾಗಿ ಮನೆಯವರ ಸಹಿಯನ್ನೇ ಹಾಕಿಸಿ ಎಡವುವುದು ಇಲ್ಲಿಯೇ. ವಾರ್ಡು ಮಹಿಳೆಯರಿಗೋ ಪರಿಶಿಷ್ಟರಿಗೋ ಮೀಸಲೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಕೇರಳದಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ.

2025ರ ಚುನಾವಣೆಯಲ್ಲಿ ನಗರಸಭೆಯ ಠೇವಣಿ 4,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಖರ್ಚಿನ ಮಿತಿ 75,000 ರೂಪಾಯಿ. ಅಷ್ಟನ್ನೂ ಸುರಿಯಬೇಕೆಂದೇನಿಲ್ಲ; ವಾರ್ಡು ಚಿಕ್ಕದು, ಒಂದೆರಡು ಸುತ್ತು ಮನೆಮನೆಗೆ ನಡೆದೇ ಮುಗಿಸಬಹುದು. ಮೈಕು ಕಟ್ಟಿದ ಜೀಪಿಗಿಂತ ಅದೇ ಮೇಲು ಎನ್ನುವುದು ನನ್ನ ಮತ. ಕರಪತ್ರವನ್ನು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತನಾಡುವವರ ಮಕ್ಕಳು ಈಗ ಓದುವುದು ಬಹುಪಾಲು ಮಲಯಾಳವನ್ನೇ.

ಇನ್ನೊಂದು ಮಾತು: ಸೋತರೂ ಫಲಿತಾಂಶ ಬಂದ 30 ದಿನಗಳೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಕೊಡದವರನ್ನು ಚುನಾವಣಾ ಆಯೋಗವು ಐದು ವರ್ಷ ಅನರ್ಹಗೊಳಿಸಬಹುದು. ಹಾಗಾಗಿ ಬ್ಯಾನರಿನ ಬಿಲ್ಲಿನಿಂದ ಹಿಡಿದು ಹುಡುಗರಿಗೆ ಕೊಡಿಸಿದ ಚಹಾದ ಚೀಟಿಯವರೆಗೆ ಎಲ್ಲವನ್ನೂ ಜೋಪಾನ ಮಾಡಿಡಿ.