ಸರ್, ಮೊದಲು ಆ ನೀರಿನ ಬಟ್ಟಲು ಹೊರಗೆ ತೆಗೆಯಿರಿ

ಸರ್, ಉಳಿದವರ ಉತ್ತರ ಆಮೇಲೆ ಓದಿ. ಮೊದಲು ಆ ನೀರಿನ ಬಟ್ಟಲು, ಒದ್ದೆ ಸ್ಪಂಜು ಎರಡನ್ನೂ ಸಿಗಾರ್ ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಿರಿ. ಈಗಲೇ.

ನೀವು ಬರೆದದ್ದು ಇಷ್ಟು: ಹೊಸ ಹ್ಯೂಮಿಡರ್, ಅಂದರೆ ಸಿಗಾರನ್ನು ಹದವಾದ ತೇವದಲ್ಲಿಡುವ ಕ್ಯಾಬಿನೆಟ್, ಬಂದು ಒಂದು ವಾರ ಆಗಿದೆ, ಬಾಗಿಲಿನ ಮುಳ್ಳಿನ ಮೀಟರ್ ಒಳಗಿನ ತೇವ ಶೇಕಡಾ 58 ತೋರಿಸುತ್ತಿದೆ, ಏನು ಮಾಡಿದರೂ 70 ಮುಟ್ಟುತ್ತಿಲ್ಲ, ಅದಕ್ಕೆ ದಿನಾ ನೀರು ಹಾಕುತ್ತಿದ್ದೀರಿ. ಸಿಗಾರ್ ಆಗಲೇ ಒಳಗಿವೆ. ಫೋಟೊ ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು. ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಅದೇ ಬೆಂಗಳೂರು, ಅದೇ ಮಳೆಗಾಲ, ಅದೇ ಹಿತ್ತಾಳೆ ಬಣ್ಣದ ಮೀಟರ್. ಮುಳ್ಳು ಸಹ ಅದೇ 58ರಲ್ಲಿ ನಿಂತಿತ್ತು.

ಭಾವ ದುಬೈಯಿಂದ ಬರುವಾಗ ಕ್ಯೂಬಾದ ಸಿಗಾರ್ ಒಂದು ಬಾಕ್ಸ್, ಪಾರ್ಟಗಾಸ್ ಸೀರಿ ಡಿ ನಂಬರ್ 4 ತಂದಿದ್ದರು. ಸುಂಕ ಇಲ್ಲದೆ ತರಬಹುದಾದ 25, ಪೂರ್ತಿ ಒಂದೇ ಬಾಕ್ಸ್. ನಾನು ಆ 25ನ್ನೂ ಬಾಕ್ಸಿನಿಂದ ತೆಗೆದು ಹೊಸ ಬೀರುವಿನ ಮೇಲಿನ ತಟ್ಟೆಯಲ್ಲಿ ಒಡವೆ ಜೋಡಿಸಿದ ಹಾಗೆ ಜೋಡಿಸಿದೆ. ಮುಳ್ಳು 58. ಒಂದು ಬಟ್ಟಲು ನೀರಿಟ್ಟೆ. ಮಾರನೇ ದಿನ 60. ಇನ್ನೊಂದು ಬಟ್ಟಲು. ಸಾಲದು ಅಂತ ಒಳಗಿನ ಹಲಗೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂಬತ್ತನೇ ದಿನ ಮುಳ್ಳು 70 ಮುಟ್ಟಿತು. ಸಂತೋಷಕ್ಕೆ ಫೋಟೊ ತೆಗೆದು ಭಾವನಿಗೂ ಕಳಿಸಿದೆ. ಮುಂದಿನ ಮೂರು ವಾರ ಆಫೀಸಿನ ಕೆಲಸದಲ್ಲಿ ಬೀರುವಿನ ಕಡೆ ತಿರುಗಿ ನೋಡಲಿಲ್ಲ. ಬಾಗಿಲು ತೆರೆದಾಗ ಮಳೆಗಾಲದ ಚಪ್ಪಲಿ ಗೂಡಿನ ವಾಸನೆ. ಹದಿನೆಂಟು ಸಿಗಾರ್ ಹೋಗಿದ್ದವು. ಕೆಲವು ಉಬ್ಬಿ ಹೊರಗೆ ಸುತ್ತಿದ ಎಲೆ, ಅಂದರೆ ರ‍್ಯಾಪರ್ ಸೀಳಿತ್ತು, ಉಳಿದವುಗಳ ತುದಿಯೊಳಗೆ ಬೂಷ್ಟು. ಮೇಲೆ ಬಂದ ಬೂಷ್ಟನ್ನು ಒರೆಸಬಹುದು. ಸುಡುವ ತುದಿಯಿಂದ ಒಳಗೆ ಇಳಿದಿದ್ದರೆ ಎಸೆಯುವುದೇ. ಇದು ಬೂಷ್ಟಲ್ಲ, ಪ್ಲೂಮ್, ಒಳ್ಳೆಯ ಎಣ್ಣೆ ಹೊರಬಂದ ಗುರುತು ಅಂತ ಈ ಗುಂಪಿನಲ್ಲೇ ಯಾರಾದರೂ ಹೇಳುತ್ತಾರೆ. ಹತ್ತಿಯ ಹಾಗೆ ನಯವಾಗಿ, ಹಸಿರು ನೀಲಿ ಛಾಯೆಯಲ್ಲಿ ಇದ್ದದ್ದಕ್ಕೆ ಬೇರೆ ಹೆಸರಿಡಬೇಡಿ.

ಆಮೇಲೆ ಅದೇ ಮೀಟರನ್ನು ಉಪ್ಪಿಗಿಟ್ಟು ನೋಡಿದೆ. 75 ತೋರಿಸಬೇಕಾದ ಕಡೆ 66 ತೋರಿಸಿತು. ಅಂದರೆ ಒಂಬತ್ತು ಕಡಿಮೆ. ಮೊದಲ ದಿನ 58 ಅಂದಾಗ ಒಳಗೆ ನಿಜವಾಗಿ ಇದ್ದದ್ದು 67! ಏನೂ ಮಾಡದೆ ಸುಮ್ನೆ ಕೂತಿದ್ದರೆ ಸಾಕಿತ್ತು. ನಾನು ಮುಳ್ಳನ್ನು 70ಕ್ಕೆ ತರಲು ಹೋಗಿ ಸಿಗಾರ್‌ಗಳನ್ನು 79ರಲ್ಲಿ ಬೇಯಿಸಿದ್ದೆ.

ಉಪ್ಪಿನ ಪರೀಕ್ಷೆ ಎಲ್ಲರಿಗೂ ಗೊತ್ತು ಅಂತಾರೆ, ಮಾಡುವವರು ಹತ್ತರಲ್ಲಿ ಒಬ್ಬರು. ಮಾಡುವವರಲ್ಲೂ ಅರ್ಧ ಜನ ಉಪ್ಪನ್ನು ನೀರಲ್ಲಿ ಕರಗಿಸಿ ಪಾನಕ ಮಾಡುತ್ತಾರೆ. ಕರಗಬಾರದು. ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು, ಮೇಲೆ ಕೆಲವು ಹನಿ ನೀರು, ಒದ್ದೆ ಮರಳಿನ ಹದ. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ, ಒಂದಕ್ಕೊಂದು ತಾಗದ ಹಾಗೆ, ಸ್ವಲ್ಪ ಗಾಳಿ ಉಳಿಸಿ ಮುಚ್ಚಿ. 24 ಗಂಟೆ ಬಿಡಿ. ಬಿಸಿಲಿಗೆ, ಫ್ರಿಜ್ ಮೇಲೆ ಇಡಬೇಡಿ. ಉಪ್ಪು ಪೂರ್ತಿ ಕರಗದೆ ಇರುವವರೆಗೆ ಆ ಗಾಳಿಯ ತೇವ 75ರಲ್ಲೇ ನಿಲ್ಲುತ್ತದೆ, ಅದು ಉಪ್ಪಿನ ಗುಣ. ಕವರಿನ ಹೊರಗಿನಿಂದಲೇ ಓದಿ, ತೆರೆದು ನೋಡಿದರೆ ಆಟ ಮುಗಿಯಿತು. ಎಷ್ಟು ವ್ಯತ್ಯಾಸ ಬರುತ್ತದೋ ಅದನ್ನು ಮೀಟರಿನ ಬೆನ್ನಿಗೆ ಚೀಟಿ ಅಂಟಿಸಿ ಬರೆದಿಡಿ. ಡಿಜಿಟಲ್ ಆದರೂ ಮಾಡಿ. ನಾನು ಈಗ ಗೋವಿಯ ಬ್ಲೂಟೂತ್ ಸೆನ್ಸರ್ ಮೂರು ಇಟ್ಟಿದ್ದೇನೆ, ಮೂರಕ್ಕೂ ಚೀಟಿ ಇದೆ. ದುಡ್ಡಿದ್ದವರು ಸೆನ್ಸರ್‌ಪುಶ್ ತಗೊಳ್ಳಿ. ಹ್ಯೂಮಿಡರ್ ಜೊತೆ ಪುಕ್ಕಟೆ ಬರುವ ಮುಳ್ಳಿನ ಮೀಟರ್ ಯಾವ ಕಂಪನಿಯದೇ ಆಗಲಿ, ಅದು ಒಡವೆ ಅಷ್ಟೆ.

ಮೀಟರ್ ಸರಿಯೇ ಇದ್ದು, ನಿಜವಾಗಿಯೂ 58 ಇದ್ದರೆ? ಆಗಲೂ ನೀರು ಸುರಿಯುವ ಕೆಲಸ ಇಲ್ಲ. ಹೊಸ ಮರ ಒಣಗಿರುತ್ತದೆ, ನೀವು ಕೊಟ್ಟ ತೇವವನ್ನೆಲ್ಲ ಮೊದಲು ಅದು ಕುಡಿಯುತ್ತದೆ. ಮರ ಕುಡಿದು ಸಾಕಾಗುವ ತನಕ ಒಳಗೆ ಸಿಗಾರ್ ಇರಬಾರದು, ಯಾಕೆಂದರೆ ಅದು ಸಿಗಾರಿನಿಂದಲೂ ಕುಡಿಯುತ್ತದೆ. ಬೀರು ಖಾಲಿ ಮಾಡಿ. ಬೋವೆಡಾ ಕಂಪನಿಯ ಪ್ಯಾಕ್ ಸಿಗುತ್ತದೆ, ಮೇಲೆ ಬರೆದ ಶೇಕಡಾದಲ್ಲೇ ತೇವವನ್ನು ಹಿಡಿದಿಡುವಂಥದ್ದು; ಅದರಲ್ಲಿ 84ರದ್ದು ಇದೇ ಕೆಲಸಕ್ಕೆ ಮಾಡಿದ್ದು. ತಟ್ಟೆಗೊಂದೆರಡು ಇಟ್ಟು ಬಾಗಿಲು ಮುಚ್ಚಿ, ಎರಡು ವಾರ ತೆರೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸುವ ವಿಡಿಯೊ ನೋಡಿ ಮರುಳಾಗಬೇಡಿ. ನನ್ನ ಎರಡನೇ ತಟ್ಟೆ ಹಾಗೇ ಸೊಟ್ಟಗಾಗಿ ಇವತ್ತಿಗೂ ಸರಿಯಾಗಿ ಒಳಗೆ ಹೋಗುವುದಿಲ್ಲ. ನೀರೇ ಇಡುತ್ತೇನೆ ಅನ್ನುವವರು ಡಿಸ್ಟಿಲ್ಡ್ ವಾಟರ್ ಇಡಿ, ಅದೂ ಈ ಎರಡು ವಾರ ಮಾತ್ರ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಸ್ಪಂಜಿನ ಮೇಲೆ ಗೀಸರ್ ಕಾಯಿಲಿನ ಹಾಗೆ ಬಿಳಿ ಪದರ ಕಟ್ಟುತ್ತದೆ.

ಅಷ್ಟು ದಿನ ಸಿಗಾರ್ ಎಲ್ಲಿಡುವುದು ಅಂದರೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ನಗಬೇಡಿ. ಅಡುಗೆಮನೆಗೆ ತರುವ ರಬ್ಬರ್ ಅಂಚಿನ ದೊಡ್ಡ ಡಬ್ಬಿ, ಹೊಸದು. ಮಸಾಲೆ ಇಟ್ಟಿದ್ದ ಹಳೆಯದು ಬೇಡ, ಇಂಗಿನ ವಾಸನೆ ಏಳು ಜನ್ಮಕ್ಕೂ ಹೋಗುವುದಿಲ್ಲ. ಒಳಗೆ ಬೋವೆಡಾ 65ರ 60 ಗ್ರಾಂ ಪ್ಯಾಕ್, 25 ಸಿಗಾರಿಗೆ ಒಂದು. ನಿಜ ಹೇಳಬೇಕೆಂದರೆ ನನ್ನ ಬೀರುವಿಗಿಂತ ಈ ಡಬ್ಬಿಯಲ್ಲೇ ತೇವ ಅಲುಗಾಡದೆ ನಿಲ್ಲುತ್ತದೆ. ಬೀರು ಇಟ್ಟುಕೊಂಡಿರುವುದು ಬಾಗಿಲು ತೆರೆದಾಗ ಬರುವ ಆ ವಾಸನೆಗೆ. ಒಂದೇ ಡಬ್ಬಿಯಲ್ಲಿ 65 ಮತ್ತು 72ರ ಪ್ಯಾಕ್ ಬೆರೆಸಬೇಡಿ, ಒಂದು ಕೊಟ್ಟಿದ್ದನ್ನು ಇನ್ನೊಂದು ಹೀರುತ್ತಾ ಕೂರುತ್ತದೆ. ನಮ್ಮ ಮಳೆಗಾಲಕ್ಕಂತೂ 72 ಬೇಡವೇ ಬೇಡ. 70 ಅನ್ನುವುದೇನು ವೇದವಾಕ್ಯ ಅಲ್ಲ. ಕ್ಯೂಬಾದವುಗಳನ್ನು ನಾನು 62ರಿಂದ 65ರೊಳಗೆ ಇಡುತ್ತೇನೆ, ಸರಿಯಾಗಿ ಉರಿಯುತ್ತವೆ. 70ರಲ್ಲಿಟ್ಟರೆ ಅರ್ಧಕ್ಕೆ ಆರುತ್ತವೆ, ಎಳೆಯಲು ದವಡೆ ನೋಯುತ್ತದೆ.

ಈಗ ಗಾಳಿ ಸೋರುವ ವಿಷಯ. ಬೀರುವಿನೊಳಗೆ ಮೊಬೈಲ್ ಟಾರ್ಚ್ ಹಾಕಿಟ್ಟು, ಬಾಗಿಲು ಮುಚ್ಚಿ, ಕೋಣೆ ಕತ್ತಲು ಮಾಡಿ ನೋಡಿ. ಬೆಳಕು ಕಂಡ ಕಡೆಯೆಲ್ಲ ಮಾರ್ಚ್‌ನಲ್ಲಿ ತೇವ ಹೊರಗೆ ಹೋಗುತ್ತದೆ, ಜುಲೈನಲ್ಲಿ ಒಳಗೆ ಬರುತ್ತದೆ. ಬಾಗಿಲಿಗೆ ನೂರರ ನೋಟು ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲೂ ಬಿಗಿ ಸಾಲದು. ರಬ್ಬರ್ ಪಟ್ಟಿ ಅಂಟಿಸಿ. ಸಿಲಿಕೋನ್ ಬಳಿದರೆ ಅದರ ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ ಬಾಗಿಲು ತೆರೆದೇ ಇಡಿ.

ಕೆಳಗಿನ ತಟ್ಟೆಯಲ್ಲಿ ಜಾಸ್ತಿ, ಮೇಲೆ ಕಡಿಮೆ ತೋರಿಸುತ್ತದೆ ಅಂತ ಇನ್ನೊಬ್ಬರು ಕೇಳಿದ್ದರು. ಕೆಳಗೆ ತಂಪು, ಅದಕ್ಕೇ. ಅಷ್ಟೇ ನೀರಿನಂಶ ಇದ್ದರೂ ತಂಪು ಗಾಳಿಯಲ್ಲಿ ಶೇಕಡಾ ಲೆಕ್ಕ ಏರುತ್ತದೆ. ಕಂಪ್ಯೂಟರಿನ ಒಂದು ಸಣ್ಣ ಫ್ಯಾನ್ ಸಾಕು, ಗಂಟೆಗೆ ಐದು ನಿಮಿಷ ತಿರುಗಿದರೆ ಆಯಿತು. ದಿನವಿಡೀ ಬೀಸಿದರೆ ಪಕ್ಕದ ಸಿಗಾರ್ ಒಣಗುತ್ತದೆ.

ಮರದ ಬಗ್ಗೆ. ಬಡಗಿಯ ಹತ್ತಿರ ಸೀಡರ್ ಬೇಕು ಅಂದರೆ ಅವರು ದೇವದಾರು ತಂದು ಹಾಕುತ್ತಾರೆ. ಅವರ ತಪ್ಪಲ್ಲ, ದೇವದಾರುವೇ ನಿಜವಾದ ಸೀಡರ್. ಸ್ಪ್ಯಾನಿಷ್ ಸೀಡರ್ ಅನ್ನುವುದು ಸೀಡರ್ ಜಾತಿಯೇ ಅಲ್ಲ, ಮಹಾಗನಿಯ ನೆಂಟ, ಸೆಡ್ರೆಲಾ ಒಡೊರಾಟಾ. ದೇವದಾರುವಿನ ಎಣ್ಣೆ ವಾಸನೆ ಸಿಗಾರಿಗೆ ಹತ್ತಿದರೆ ಬಿಡುವುದಿಲ್ಲ. ಸ್ಪ್ಯಾನಿಷ್ ಸೀಡರ್ ಸಿಗದಿದ್ದರೆ ಅದೇ ಕುಟುಂಬದ ತೂನಾ ಮರ ಕೇಳಿ, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಅದು. ಒಳಗೆ ಪಾಲಿಶ್, ವಾರ್ನಿಷ್ ಏನೂ ಬೇಡ, ಉಪ್ಪುಕಾಗದದಲ್ಲಿ ಒಣ ಉಜ್ಜು ಸಾಕು. ಅಜ್ಜಿಯ ಕಾಲದ ಬಟ್ಟೆ ಬೀರುವನ್ನು ಹ್ಯೂಮಿಡರ್ ಮಾಡುತ್ತೇನೆ ಅನ್ನುವವರಿಗೆ ಒಂದೇ ಮಾತು: ನುಸಿಗುಳಿಗೆ. ಇಪ್ಪತ್ತು ವರ್ಷ ಅದನ್ನು ಕುಡಿದ ಮರ ಏನು ಮಾಡಿದರೂ ಅದೇ ವಾಸನೆ ಉಗುಳುತ್ತದೆ. ದೇವರ ಕೋಣೆಯ ಪಕ್ಕದಲ್ಲೂ ಇಡಬೇಡಿ. ಬಾಗಿಲು ತೆರೆದಾಗೆಲ್ಲ ಊದುಬತ್ತಿ ಹೊಗೆ ಒಳಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಜಗಳ ಬೇರೆ ರೀತಿ ನಡೆಯಿತು, ದೇವರ ಪಕ್ಕ ಹೊಗೆಸೊಪ್ಪಿನ ಬೀರು ಇಡುತ್ತೀರಾ ಅಂತ. ಈಗ ಅದು ಮೆಟ್ಟಿಲ ಕೆಳಗಿದೆ, ಮನೆಯಲ್ಲೇ ತಂಪಾದ ಜಾಗ, ಒಳ್ಳೆಯದೇ ಆಯಿತು.

ತಂಪು ಯಾಕೆ ಮುಖ್ಯ ಅಂದರೆ ಹುಳು. ನೀವು ಅದರ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಅಡುಗೆಮನೆಯಲ್ಲಿ ಕೊತ್ತಂಬರಿ ಬೀಜ, ಅರಿಸಿನ ಕೊಂಬು, ಒಣಮೆಣಸಿನಕಾಯಿಗೆ ತೂತು ಹೊಡೆಯುವ ಕಂದು ಬಣ್ಣದ ಸಣ್ಣ ಹುಳು ಇದೆಯಲ್ಲ, ಸಿಗಾರಿನ ಹುಳುವೂ ಅದೇ. ಮೊಟ್ಟೆ ಎಲೆಯಲ್ಲೇ ಬಂದಿರಬಹುದು, ತಂಪಿನಲ್ಲಿ ಸುಮ್ಮನಿರುತ್ತದೆ. ಒಳಗೆ 18ರಿಂದ 20 ಡಿಗ್ರಿ ಇದ್ದರೆ ನೆಮ್ಮದಿ. 24 ದಾಟಿತೆಂದರೆ ದಿನಾ ಕಣ್ಣಿಡಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಮನೆಯೊಳಗೆ 29, 30 ಮಾಮೂಲು. ರ‍್ಯಾಪರಿನಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು, ಕೆಳಗೆ ನಶ್ಯದಂಥ ಪುಡಿ ಕಂಡರೆ ಕಾಯಬೇಡಿ. ಹೊಸದಾಗಿ ಬಂದ ಬಾಕ್ಸನ್ನೂ ನಾನು ಇದೇ ರೀತಿ ಮಾಡಿಯೇ ಒಳಗೆ ಸೇರಿಸುವುದು: ಎರಡು ಜಿಪ್ ಕವರಿನಲ್ಲಿ ಸುತ್ತಿ ಒಂದು ದಿನ ಫ್ರಿಜ್, ನಾಲ್ಕು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಆಮೇಲೆ ಹೊರಗೆ. ಫ್ರಿಜ್ಜಿನ ಮೆಟ್ಟಿಲು ಹಾರಿದರೆ ರ‍್ಯಾಪರ್ ಸೀಳುತ್ತದೆ. ಫ್ರೀಜರ್ ಮೈನಸ್ 18 ಮುಟ್ಟಬೇಕು. ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ನಂಬಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ನಿಮ್ಮವು ಈಗ ನೀರು ಕುಡಿದು ಉಬ್ಬಿವೆ, ಅವನ್ನು ಈ ಸ್ಥಿತಿಯಲ್ಲಿ ಫ್ರೀಜರಿಗೆ ಹಾಕಲೇಬೇಡಿ.

ವೈನ್ ಕೂಲರ್ ತಗೊಳ್ಳಲಾ ಅಂತ ನೀವೇ ಕೊನೆಯಲ್ಲಿ ಕೇಳಿದ್ದೀರಿ. ತಗೊಳ್ಳಿ, ಆದರೆ ಕಂಪ್ರೆಸರ್ ಓಡುವಾಗಲೆಲ್ಲ ಹಿಂದಿನ ಗೋಡೆಗೆ ನೀರು ಹನಿಗಟ್ಟುತ್ತದೆ, ಒಳಗಿನ ಗಾಳಿ ಒಣಗುತ್ತದೆ. ಆ ಹನಿ ತಾಗುವ ಕಡೆ ಬಾಕ್ಸ್ ಒತ್ತಿ ಇಡಬಾರದು.

ಹಳತು ಮಾಡುವ ಆಸೆ ಈಗಲೇ ಬೇಡ. ಆದರೂ ಮಾಡುವುದಾದರೆ ಬಾಕ್ಸಿನಲ್ಲೇ ಬಿಡಿ, ಬಿಡಿಬಿಡಿಯಾಗಿ ಜೋಡಿಸಿ ಅಂದ ನೋಡಬೇಡಿ. ಕ್ಯೂಬಾದ ಬಾಕ್ಸ್ ತಿರುವಿದರೆ ತಳದಲ್ಲಿ ತಿಂಗಳು, ವರ್ಷದ ಮುದ್ರೆ ಇರುತ್ತದೆ. ಸ್ಪ್ಯಾನಿಷ್ ತಿಂಗಳು, ಎನೆ ಅಂದರೆ ಜನವರಿ, ಆಗೊ ಅಂದರೆ ಆಗಸ್ಟ್. ಅದನ್ನು ನೋಡಿ ವಯಸ್ಸು ಲೆಕ್ಕ ಹಾಕಿ, ಕೊಂಡ ದಿನದಿಂದ ಅಲ್ಲ. ತೆರೆದಾಗ ಅಮೋನಿಯಾ ಮೂಗಿಗೆ ಹೊಡೆದರೆ ಇನ್ನೂ ಎಳಸು, ಮುಚ್ಚಿಡಿ. ಗಟ್ಟಿ ಖಾರದವು ಮೂರು ನಾಲ್ಕು ವರ್ಷದಲ್ಲಿ ಹದಕ್ಕೆ ಬರುತ್ತವೆ. ಕನೆಕ್ಟಿಕಟ್ ರ‍್ಯಾಪರಿನ ಮೆದು ಸಿಗಾರ್ ಅಷ್ಟು ಕಾಲ ಇಟ್ಟರೆ ನನ್ನ ನಾಲಿಗೆಗೆ ರದ್ದಿ ಕಾಗದ. ಮಿಡಿ ಉಪ್ಪಿನಕಾಯಿ ವರ್ಷ ಕಳೆದರೆ ರುಚಿ, ಹೆಚ್ಚಿ ಕಲಸಿದ ಹಸಿ ಉಪ್ಪಿನಕಾಯಿ ನಾಲ್ಕು ದಿನಕ್ಕೇ ಕೆಡುತ್ತದೆ, ಅಲ್ವಾ? ಹಾಗೇ.

ಸದ್ಯಕ್ಕೆ ಉಬ್ಬಿದವನ್ನು ಒಣಗಿಸಲು ಎಸಿ ಮುಂದೆ ಇಡುವ ಬುದ್ಧಿವಂತಿಕೆ ಬೇಡ. ಡಬ್ಬಿಯಲ್ಲಿ 65ರ ಪ್ಯಾಕ್ ಜೊತೆ ಮೂರು ನಾಲ್ಕು ವಾರ ಬಿಡಿ, ನಿಧಾನಕ್ಕೆ ಇಳಿಯುತ್ತವೆ. ಪ್ಯಾಕ್ ಜಾಸ್ತಿ ನೀರು ಹೀರಿ ಉಬ್ಬಿದರೆ ಬೇರೆ ಹಾಕಿ. ಇವತ್ತು ರಾತ್ರಿ ಮೀಟರನ್ನು ಉಪ್ಪಿಗಿಡಿ. ನಾಳೆ ಇದೇ ಹೊತ್ತಿಗೆ ಕವರಿನ ಹೊರಗಿನಿಂದ ತೆಗೆದ ಫೋಟೊ ಇಲ್ಲಿ ಹಾಕಿ. ಜೊತೆಗೆ ಸಿಗಾರ್‌ಗಳ ತುದಿಯ ಫೋಟೊ ಸಹ, ಹಗಲು ಬೆಳಕಿನಲ್ಲಿ ತೆಗೆದದ್ದು. ಎಷ್ಟು ಉಳಿಯುತ್ತವೆ ಅಂತ ಆಮೇಲೆ ನೋಡೋಣ.