ಮೇಲಿನ ಮನೆಯ ಮಳೆನೀರು, ಕೆಳಗಿನ ಮನೆಯ ಗೋಡೆ: ನಷ್ಟ ಯಾರು ಕೊಡಬೇಕು?

ಅಕ್ಕಪಕ್ಕದವರ ನಡುವಿನ ಮಳೆನೀರಿನ ತಕರಾರಿನ ಬಗ್ಗೆ ಓದುಗರು ಕಳಿಸಿದ ನಾಲ್ಕು ಪ್ರಶ್ನೆಗಳು ಇಲ್ಲಿವೆ. ಜಮೀನು ವ್ಯಾಜ್ಯಗಳನ್ನು ನಡೆಸುವ ವಕೀಲರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆ ಗುಡ್ಡೆಯ ಬುಡದಲ್ಲಿದೆ. ಮೇಲಿನ ಜಾಗದವರು ಎರಡು ವರ್ಷದ ಹಿಂದೆ ಜೆಸಿಬಿ ತಂದು ಗುಡ್ಡೆ ಸಮತಟ್ಟು ಮಾಡಿ ಮನೆ ಕಟ್ಟಿದರು. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿಸಿದ್ದಾರೆ. ಮಾಡಿನ ನೀರು, ಅಂಗಳದ ನೀರು ಎಲ್ಲವೂ ಒಂದೇ ಪೈಪಿನಲ್ಲಿ ನಮ್ಮ ಗಡಿಗೆ ಬಂದು ಬೀಳುತ್ತದೆ. ಈ ಸಲದ ಮಳೆಗೆ ನಮ್ಮ ಕೆಂಪುಕಲ್ಲಿನ ಕಂಪೌಂಡ್ ಬಿತ್ತು, ಬಾವಿಗೆ ಕೆಸರು ನುಗ್ಗಿತು. ಕೇಳಿದರೆ "ನೀರು ಮೇಲಿನಿಂದ ಕೆಳಗೇ ಅಲ್ವಾ ಹರಿಯುವುದು? ಕಾನೂನೂ ಅದನ್ನೇ ಹೇಳುತ್ತದೆ. ಮಳೆ ಜಾಸ್ತಿ ಬಂದರೆ ನಾವೇನು ಮಾಡುವುದು?" ಅನ್ನುತ್ತಾರೆ. ಖರ್ಚನ್ನು ಅವರಿಂದ ವಸೂಲಿ ಮಾಡಬಹುದಾ ಸರ್?
— ಓದುಗರು, ಪುತ್ತೂರು

ಉತ್ತರ: ಮಾಡಬಹುದು. ಆದರೆ ನಿಮ್ಮ ನೆರೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನು ಒಪ್ಪಿಕೊಂಡರೆ ಉಳಿದ ಅರ್ಧಕ್ಕೆ ಉತ್ತರ ಕೊಡುವುದು ಸುಲಭ.

1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ (ದಾರಿ, ನೀರಿನಂಥ ವಿಷಯದಲ್ಲಿ ಪಕ್ಕದವರ ಜಾಗದ ಮೇಲಿರುವ ಹಕ್ಕುಗಳ ಕಾಯ್ದೆ) 7ನೇ ಸೆಕ್ಷನ್ನಿನಲ್ಲಿ ಇದಕ್ಕೆ ಒಂದು ಉದಾಹರಣೆಯೇ ಇದೆ. ಮೇಲಿನ ಜಾಗದಲ್ಲಿ ಬಿದ್ದ ಮಳೆನೀರು ಯಾವುದೇ ಗೊತ್ತಾದ ಕಾಲುವೆಯಲ್ಲದೆ, ತಾನಾಗಿ ಇಳಿದು ಬಂದರೆ ಕೆಳಗಿನ ಜಾಗದವರು ಅದಕ್ಕೆ ದಾರಿ ಬಿಡಬೇಕು. ಅಂದರೆ ಗುಡ್ಡೆ ಮೊದಲಿನ ಹಾಗೇ ಇದ್ದು, ನೀರು ಮೊದಲಿನ ಹಾಗೇ ಇಳಿದು ನಿಮ್ಮ ಅಂಗಳ ಕೊಚ್ಚೆಯಾಗಿದ್ದರೆ ನೀವು ಯಾರನ್ನೂ ಕೇಳುವ ಹಾಗಿರಲಿಲ್ಲ.

ನಿಮ್ಮ ಕಥೆ ಹಾಗಿಲ್ಲ. ಮೊದಲು ಆ ಗುಡ್ಡೆಯಲ್ಲಿ ಹುಲ್ಲು, ಪೊದೆ, ಮರ ಇದ್ದವು. ನೀರಿನ ಒಂದು ಪಾಲು ಅಲ್ಲೇ ಇಂಗುತ್ತಿತ್ತು. ಉಳಿದದ್ದು ಗಡಿಯ ಉದ್ದಕ್ಕೂ ಹರಡಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಈಗ ಇಂಗಲು ಜಾಗವಿಲ್ಲ, ಹರಡಲು ಜಾಗವಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅವರ ಮಾಡು, ಅಂಗಳ ಸೇರಿ 3,000 ಚದರ ಅಡಿ ಇದ್ದರೆ ಅದು ಸುಮಾರು 280 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ನಿಮ್ಮ ಕಡೆ ಜೂನ್, ಜುಲೈಯಲ್ಲಿ ಹೊಸದೇನಲ್ಲ. ಅಂಥ ದಿನ ಆ ಒಂದು ಪೈಪಿನ ಬಾಯಿಂದ ಹತ್ತಿರ ಹತ್ತಿರ 28,000 ಲೀಟರ್ ನೀರು ನಿಮ್ಮ ಗೋಡೆಯ ಬುಡಕ್ಕೆ ಬೀಳುತ್ತದೆ. ಇದನ್ನು ಸಹಜ ಹರಿವು ಅನ್ನಲು ಆಗುವುದಿಲ್ಲ. ಕೈಯಾರೆ ಕೂಡಿಸಿ, ಒಂದು ಕಡೆಗೆ ತಿರುಗಿಸಿ ಬಿಟ್ಟ ನೀರು ಇದು. ಹಾಗೆ ಬಿಟ್ಟವರೇ ಅದರ ಹೊಣೆ ಹೊರಬೇಕು. ಕಾನೂನಿನಲ್ಲಿ ಇದು ನ್ಯೂಸೆನ್ಸ್, ಅಂದರೆ ಪಕ್ಕದವರು ತಮ್ಮ ಜಾಗದಲ್ಲಿ ನೆಮ್ಮದಿಯಿಂದ ಇರಲು ಬಿಡದ ಉಪದ್ರವ. ನಿಮಗೆ ತೊಂದರೆಯಾಗುತ್ತದೆ ಅಂತ ಗೊತ್ತಿದ್ದೂ ಸರಿಪಡಿಸದಿದ್ದರೆ ನಿರ್ಲಕ್ಷ್ಯವೂ ಸೇರಿಕೊಳ್ಳುತ್ತದೆ.

ಇಂಥ ಹೊಣೆಯ ಮಾತು ಹಳೆಯದು. 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣದಲ್ಲಿ, ತನ್ನ ಜಾಗದಲ್ಲಿ ಕೂಡಿಟ್ಟ ನೀರು ನುಗ್ಗಿ ಪಕ್ಕದವರ ಗಣಿ ಹಾಳಾದರೆ ಕೂಡಿಟ್ಟವನೇ ನಷ್ಟ ಕೊಡಬೇಕು ಎಂದು ಇಂಗ್ಲೆಂಡಿನಲ್ಲಿ ತೀರ್ಪಾಯಿತು. ನಮ್ಮಲ್ಲಿ ಅದನ್ನು ಇದ್ದ ಹಾಗೇ ತೆಗೆದುಕೊಳ್ಳಲಿಲ್ಲ. 1874ರಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾದ ಪ್ರಕರಣ, ಆಗ ನಮ್ಮ ದೇಶದ ಕೇಸುಗಳಿಗೆ ಕೊನೆಯ ಮೇಲ್ಮನವಿಯ ಜಾಗವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂತು. ಕೆರೆಗಳು ಊರಿನ ಬದುಕಿಗೆ ಬೇಕಾದವು, ಅವನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ನಿರ್ಲಕ್ಷ್ಯ ಇಲ್ಲದಿದ್ದರೆ ಹೊಣೆಯಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ನನ್ನ ಮಟ್ಟಿಗೆ ಅದು ನಮ್ಮ ನೆಲವನ್ನು ಅರ್ಥ ಮಾಡಿಕೊಂಡ ತೀರ್ಪು. ಆದರೆ ಊರ ಕೆರೆಗೆ ಸಿಕ್ಕ ಆ ರಕ್ಷಣೆ ಒಬ್ಬರ ಮನೆಯ ಪೈಪಿಗೆ ಸಿಗುವುದಿಲ್ಲ.

"ಮಳೆ ಜಾಸ್ತಿ ಬಂತು" ಅನ್ನುವ ವಾದಕ್ಕೂ ಬೆಲೆ ಕಡಿಮೆ. ಯಾರೂ ನಿರೀಕ್ಷಿಸಲಾಗದ ಪ್ರಕೃತಿ ವಿಕೋಪವಾದರೆ ಮಾತ್ರ ಹೊಣೆ ತಪ್ಪುತ್ತದೆ. ಕರಾವಳಿಯಲ್ಲಿ ಮನೆ ಕಟ್ಟುವವರು ಜೋರು ಮಳೆ ಬರುತ್ತದೆಂದು ತಿಳಿದೇ ಕಟ್ಟಬೇಕಲ್ವಾ? ಗೋಡೆ ಬಿದ್ದ ದಿನ ನಿಮ್ಮ ಊರಲ್ಲಿ ಎಷ್ಟು ಮಳೆಯಾಗಿತ್ತು ಅನ್ನುವ ದಾಖಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಅವರ ಮಳೆಮಾಪಕಗಳಿವೆ. ಅದನ್ನು ಪಡೆದುಕೊಳ್ಳಿ. ಎಂದಿನ ಮಳೆಗೇ ಗೋಡೆ ಬಿದ್ದಿದೆ ಎಂದು ಅದರಿಂದ ಗೊತ್ತಾದರೆ ಆ ವಾದ ಅಲ್ಲಿಗೇ ನಿಲ್ಲುತ್ತದೆ.

ಈಗ ಸಾಕ್ಷಿಯ ಮಾತು. ಇಂಥ ಕೇಸುಗಳು ಗೆಲ್ಲುವುದು, ಸೋಲುವುದು ಇಲ್ಲೇ. ಜನ ಬೇಸಿಗೆಯಲ್ಲಿ ವಕೀಲರ ಹತ್ತಿರ ಬರುತ್ತಾರೆ. ಆಗ ನೀರೂ ಇಲ್ಲ, ಕೆಸರೂ ಇಲ್ಲ, ಗೋಡೆ ಹೊಸದಾಗಿ ಎದ್ದಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ಸುರಿಯುವಾಗಲೇ ಪೈಪಿನ ಬಾಯಿಂದ ಹಿಡಿದು ನಿಮ್ಮ ಗೋಡೆಯ ತನಕ ನಿಲ್ಲಿಸದೆ ಒಂದೇ ವಿಡಿಯೊ ಮಾಡಿ. ಫೋನಿನಲ್ಲಿರುವ ಮೂಲ ಫೈಲನ್ನು ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಗುಡ್ಡೆ ಮೊದಲು ಹೇಗಿತ್ತು ಅನ್ನುವುದಕ್ಕೆ ಹಳೆಯ ಫೋಟೊ ಹುಡುಕಿ. ಮದುವೆ, ಗೃಹಪ್ರವೇಶದ ಫೋಟೊಗಳ ಹಿಂದೆ ಎಷ್ಟೋ ಸಲ ಆ ಗುಡ್ಡೆ ಕಾಣುತ್ತದೆ. ಬಿದ್ದ ಕಲ್ಲು ತೆಗೆಸುವ ಮೊದಲು ಒಬ್ಬ ಸಿವಿಲ್ ಎಂಜಿನಿಯರಿಂದ ವರದಿ ಬರೆಸಿ. ಬಾವಿ ತೊಳೆಸಿದ್ದು, ಟ್ಯಾಂಕರ್ ನೀರು ತರಿಸಿದ್ದು ಎಲ್ಲದರ ಬಿಲ್ ಇಟ್ಟುಕೊಳ್ಳಿ.

ಎದುರು ಪಕ್ಷದವರು ಒಂದು ಪ್ರಶ್ನೆ ಖಂಡಿತ ಎತ್ತುತ್ತಾರೆ. ನಿಮ್ಮ ಗೋಡೆಯಲ್ಲಿ ನೀರು ಹೊರಗೆ ಹೋಗಲು ತೂತು ಬಿಟ್ಟಿದ್ದಿರಾ? ಪಾಯ ಸರಿ ಇತ್ತಾ? ಮೊದಲಿನಿಂದ ಇದ್ದ ನೀರು ಹರಿಯುವ ಕಣಿ ಮುಚ್ಚಿ ಗೋಡೆ ಕಟ್ಟಿದ್ದರೆ ನಷ್ಟದಲ್ಲಿ ನಿಮ್ಮ ಪಾಲೂ ಇದೆ ಎಂದು ಕೋರ್ಟು ಹೇಳಬಹುದು. ಇದಕ್ಕೆ ಈಗಲೇ ಉತ್ತರ ಸಿದ್ಧ ಮಾಡಿಕೊಳ್ಳಿ.

ಕೋರ್ಟಿಗೆ ಹೋಗುವ ಮೊದಲು ತಲುಪಿದ್ದಕ್ಕೆ ರಸೀದಿ ಬರುವ ಹಾಗೆ ಅಂಚೆಯಲ್ಲಿ ಒಂದು ನೋಟಿಸು ಕಳಿಸಿ. ಪೈಪನ್ನು ರಸ್ತೆ ಬದಿಯ ಚರಂಡಿಗೆ ತಿರುಗಿಸಿ, ಇಷ್ಟು ನಷ್ಟ ಕೊಡಿ, ಇಷ್ಟು ದಿನದೊಳಗೆ ಅಂತ ಸ್ಪಷ್ಟವಾಗಿ ಬರೆಯಿರಿ. ನೋಟಿಸು ತಲುಪಿದ ಮೇಲೆ "ನಮಗೆ ಗೊತ್ತಿರಲಿಲ್ಲ" ಅನ್ನಲು ಅವರಿಗೆ ಆಗುವುದಿಲ್ಲ. ಆಮೇಲೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಹಾಕಿ, ಕೇಸು ದಾಖಲಿಸದೆಯೇ ಲೋಕ ಅದಾಲತ್‌ನಲ್ಲಿ ಮುಗಿಸಲು ನೋಡಿ. ಅಲ್ಲಿ ಕೋರ್ಟು ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಬೆಲೆ ಇದೆ, ಮೇಲ್ಮನವಿ ಇಲ್ಲ. ನೀವು ಮಹಿಳೆಯಾದರೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ.

ಅಲ್ಲೂ ಆಗದಿದ್ದರೆ ಸಿವಿಲ್ ದಾವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 38 ಮತ್ತು 39ನೇ ಸೆಕ್ಷನ್ ಅಡಿ ಎರಡು ಆದೇಶ ಕೇಳಬಹುದು: ನೀರು ಬಿಡಬಾರದು ಅನ್ನುವುದು ಒಂದು, ಪೈಪು ತೆಗೆದು ಬೇರೆ ದಾರಿ ಮಾಡಬೇಕು ಅನ್ನುವುದು ಇನ್ನೊಂದು. ಜೊತೆಗೆ ನಷ್ಟದ ಹಣ. ಸ್ಥಳ ಪರಿಶೀಲನೆಗೆ ಕೋರ್ಟಿನ ಪರವಾಗಿ ಒಬ್ಬ ಕಮಿಷನರ್ ನೇಮಿಸಿ ಎಂದು ಮಳೆಗಾಲದಲ್ಲೇ ಅರ್ಜಿ ಹಾಕಿಸಿ. ಅವರು ಕಣ್ಣಾರೆ ಕಂಡು ಬರೆದ ವರದಿಗೆ ತೂಕ ಜಾಸ್ತಿ. ನಷ್ಟ ಕೇಳಲು ಮೂರು ವರ್ಷದ ಗಡುವಿದೆ. ನೀರು ಬೀಳುವುದು ಮುಂದುವರಿಯುತ್ತಿದ್ದರೆ ಗಡುವೂ ಹೊಸದಾಗಿ ಶುರುವಾಗುತ್ತಾ ಹೋಗುತ್ತದೆ. ಆದರೆ ಆ ಭರವಸೆಯ ಮೇಲೆ ಸುಮ್ನೆ ಕೂರಬೇಡಿ.

ರಾಜಿ ಮಾತುಕತೆಯಲ್ಲಿ "ನಾವು ಮೇಲೆಯೇ ಇಂಗುಗುಂಡಿ ತೋಡುತ್ತೇವೆ" ಅಂತ ಅವರು ಹೇಳಬಹುದು. ಧರೆಯ (ಕಡಿದ ಗುಡ್ಡೆಯ ಕಡಿದಾದ ಬದಿಯ) ಅಂಚಿನಲ್ಲಿ ಇಂಗುಗುಂಡಿ ಬೇಡವೇ ಬೇಡ. ನೀರು ಕುಡಿದ ಮಣ್ಣು ಭಾರವಾಗಿ, ಸಡಿಲವಾಗಿ ಧರೆಯೇ ಕುಸಿದು ನಿಮ್ಮ ಮನೆಯ ಮೇಲೆ ಬರಬಹುದು. ಗೋಡೆಯಾದರೆ ಮತ್ತೆ ಕಟ್ಟಬಹುದು. ಇದು ಜೀವದ ಪ್ರಶ್ನೆ.

ಪ್ರಶ್ನೆ: ಪಕ್ಕದ ಮನೆಯ ತಾರಸಿ ನೀರಿನ ಪೈಪು ನಮ್ಮ ಸೈಟಿನ ಕಡೆಗೇ ತಿರುಗಿದೆ. ನಮ್ಮ ಬೆಡ್‌ರೂಮಿನ ಗೋಡೆ ತೇವ ಹಿಡಿದು ಬಣ್ಣವೆಲ್ಲ ಉದುರುತ್ತಿದೆ. ಅವರು "12 ವರ್ಷದಿಂದ ಹೀಗೇ ಇದೆ, ಈಗ ನಮ್ಮ ಹಕ್ಕಾಗಿದೆ" ಅನ್ನುತ್ತಾರೆ. ಹೌದಾ?
— ಓದುಗರು, ಬೆಂಗಳೂರು

ಉತ್ತರ: ಇಲ್ಲ. 12 ವರ್ಷದ ಲೆಕ್ಕ ಬರುವುದು ಜಾಗದ ಸ್ವಾಧೀನದ ವಿಚಾರದಲ್ಲಿ. ಪಕ್ಕದವರ ಜಾಗಕ್ಕೆ ನೀರು ಬಿಡುವ ಹಕ್ಕು ಬಳಕೆಯಿಂದ ಹುಟ್ಟಬೇಕಾದರೆ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ 20 ವರ್ಷ ಬೇಕು. ಅದೂ ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ, ಹಕ್ಕೆಂದು ಹೇಳಿಕೊಂಡು ನಡೆದಿರಬೇಕು.

ನೀವು ಒಪ್ಪಿಗೆ ಕೊಟ್ಟು ನಡೆದ ಬಳಕೆ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಹಾಗಾಗಿ "ಸದ್ಯಕ್ಕೆ ಇರಲಿ ಬಿಡಿ" ಅಂತ ಬಿಡುವುದಾದರೆ ಅದನ್ನು ಕಾಗದದಲ್ಲಿ ಬರೆದು, ಬೇಕಾದಾಗ ವಾಪಸ್ ಪಡೆಯುವ ಅನುಮತಿ ಎಂದು ಸೇರಿಸಿ, ಇಬ್ಬರೂ ಸಹಿ ಮಾಡಿ. ನೆರೆಹೊರೆಯ ಪ್ರೀತಿಯೂ ಉಳಿಯುತ್ತದೆ, ನಿಮ್ಮ ಜಾಗವೂ ಉಳಿಯುತ್ತದೆ. ಬಿಡುವುದಿಲ್ಲ ಅಂತಾದರೆ ಈಗಲೇ ಲಿಖಿತವಾಗಿ ಆಕ್ಷೇಪಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. 20 ವರ್ಷ ತುಂಬುವ ಮೊದಲು ನೀರು ನಿಲ್ಲಬೇಕು, ಇಲ್ಲವೇ ದಾವೆ ಹೂಡಬೇಕು. ಒಂದು ವೇಳೆ 20 ವರ್ಷ ತುಂಬಿದ್ದರೂ ಅವರು ಹೊರೆ ಹೆಚ್ಚಿಸುವ ಹಾಗಿಲ್ಲ. ಸೂರಿನ ನೀರು ಬೀಳಿಸುವ ಹಕ್ಕಿದ್ದವರು ಸೂರನ್ನೇ ಮುಂದೆ ಚಾಚಿ ಹೊರೆ ಹೆಚ್ಚಿಸುವಂತಿಲ್ಲ ಎಂದು ಅದೇ ಕಾಯ್ದೆ ಉದಾಹರಣೆ ಕೊಟ್ಟಿದೆ. ಹಳೆಯ ಪೈಪಿಗೆ ಹೊಸ ಮಹಡಿಯ ಬಚ್ಚಲ ನೀರು ಸೇರಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಸಿಟ್ಟಿನಲ್ಲಿ ನೀವೇ ಹೋಗಿ ಪೈಪಿಗೆ ಸಿಮೆಂಟ್ ತುಂಬಬೇಡಿ. ಅವರ ತಾರಸಿಯಲ್ಲಿ ನೀರು ನಿಂತು ಸೋರಿದರೆ ನಷ್ಟ ಕೊಡಬೇಕಾದವರು ನೀವಾಗುತ್ತೀರಿ. ಬೆಂಗಳೂರಿನಲ್ಲಿ ಇನ್ನೊಂದು ದಾರಿ ಇದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಿಂದ 60/40ರ ಸೈಟಿನ ಹಳೆಯ ಕಟ್ಟಡಗಳಿಗೂ, 30/40ರ ಸೈಟಿನ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅವರ ಮನೆ ಆ ಅಳತೆಗೆ ಬಂದರೆ ಜಲಮಂಡಳಿಗೆ ದೂರು ಕೊಡಿ. ನೀರನ್ನು ತಮ್ಮಲ್ಲೇ ಹಿಡಿದುಕೊಂಡರೆ ನಿಮ್ಮ ಗೋಡೆಯೂ ಒಣಗುತ್ತದೆ, ಅವರ ಸಂಪೂ ತುಂಬುತ್ತದೆ.

ಪ್ರಶ್ನೆ: ನಮ್ಮ ಹೊಲ ಮೇಲೆ, ಅಣ್ತಮ್ಮಂದಿರ ಹೊಲ ಕೆಳಗೆ. ಅವರು ಬದು ಎತ್ತರಿಸಿ ನೀರು ಕಟ್ಟಿಬಿಟ್ಟಿದ್ದಾರೆ. ನಮ್ಮ ಗೋವಿನಜೋಳ ನೀರಿನಲ್ಲಿ ನಿಂತಿದೆ. ಪೊಲೀಸರು ಇದು ಸಿವಿಲ್ ವಿಷಯ ಅಂದರು.
— ರೈತ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲ ಪ್ರಶ್ನೆಯಲ್ಲಿ ಹೇಳಿದ 7ನೇ ಸೆಕ್ಷನ್ ಇಲ್ಲಿ ನಿಮ್ಮ ಪರವಾಗಿದೆ. ನೀವು ಹೊಸ ಕಾಲುವೆ ತೋಡಿ ನೀರನ್ನು ಅವರ ಕಡೆ ನೂಕಿರದಿದ್ದರೆ, ಮೊದಲಿನ ಹಾಗೆ ಹರಿಯುವ ನೀರನ್ನು ಅವರು ಕಟ್ಟುವಂತಿಲ್ಲ. ಬದು ಇರಲಿ, ಅದರಲ್ಲಿ ನೀರು ದಾಟಲು ಒಂದು ತೂಬು ಇಡಿಸಿ. ಹಿರಿಯರನ್ನು ಕೂರಿಸಿ ಈ ಒಂದು ಮಾತಿನ ಮೇಲೆ ರಾಜಿಯಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬೆಳೆ ವಾರಗಟ್ಟಲೆ ಕಾಯುವುದಿಲ್ಲ.

ಒಪ್ಪದಿದ್ದರೆ ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಿ. ಗ್ರಾಮದ ನಕಾಶೆಯನ್ನು ಒಮ್ಮೆ ನೋಡಿ. ಅಲ್ಲಿ ಹಳ್ಳ ತೋರಿಸಿದ್ದು, ಅದಕ್ಕೇ ಬದು ಹಾಕಿದ್ದರೆ ವಿಷಯ ಬದಲಾಗುತ್ತದೆ. 1964ರ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಹಳ್ಳ ಸರ್ಕಾರದ್ದು. ಆಗ ತಹಶೀಲ್ದಾರರಿಗೆ ಒತ್ತುವರಿ ದೂರು ಕೊಟ್ಟರೆ ಸಾಕು, ನೀವು ಕೋರ್ಟು ಸುತ್ತಬೇಕಾಗಿಲ್ಲ. ನಕಾಶೆಯಲ್ಲಿ ಇಲ್ಲದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆಯ ಜೊತೆಗೇ ತುರ್ತು ಮಧ್ಯಂತರ ಆದೇಶ ಕೇಳಿ. ಬೆಳೆ ವಿಮೆ ಮಾಡಿಸಿದ್ದರೆ ಹಾನಿಯಾದ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸುವುದನ್ನು ಮರೆಯಬೇಡಿ. ರಾತ್ರಿ ಹೋಗಿ ಬದು ಒಡೆಯುವ ಯೋಚನೆ ಮಾತ್ರ ಬೇಡ. ಈಗ ಸಿವಿಲ್ ಅಂದ ಪೊಲೀಸರು ಆಗ ನಿಮ್ಮ ಮೇಲೆ ಕ್ರಿಮಿನಲ್ ಕೇಸು ಹಾಕುತ್ತಾರೆ.

ಪ್ರಶ್ನೆ: ಕೆಳಗಿನ ಸೈಟಿನವರು ಮನೆ ಕಟ್ಟಲು ಬರೆಯನ್ನು (ಗುಡ್ಡದ ಇಳಿಜಾರನ್ನು) ನೆಟ್ಟಗೆ ಕಡಿದಿದ್ದಾರೆ. ಮಳೆ ಬಂದಾಗಲೆಲ್ಲ ನಮ್ಮ ಜಾಗದ ಅಂಚು ಜರಿದು ಬೀಳುತ್ತಿದೆ. ತಡೆಗೋಡೆ ಯಾರು ಕಟ್ಟಬೇಕು?
— ಓದುಗರು, ಮಡಿಕೇರಿ

ಉತ್ತರ: ಕಡಿದವರು. ಪಕ್ಕದ ಮಣ್ಣಿನಿಂದ ನಿಮ್ಮ ನೆಲಕ್ಕೆ ಸಿಗುವ ಆಸರೆಯೂ 7ನೇ ಸೆಕ್ಷನ್ನಿನಲ್ಲಿ ಹೇಳಿರುವ ಸಹಜ ಹಕ್ಕು. ಆದರೆ ಈ ಹಕ್ಕು ನೆಲಕ್ಕೆ, ಅದರ ಮೇಲೆ ಕಟ್ಟಿದ ಮನೆಯ ಭಾರಕ್ಕಲ್ಲ. ಮನೆ ಅಂಚಿಗೆ ತೀರಾ ಹತ್ತಿರವಿದ್ದರೆ ಅವರ ವಕೀಲರು ಇದನ್ನೇ ಹಿಡಿಯುತ್ತಾರೆ. ಮನೆಯ ಭಾರ ಇಲ್ಲದಿದ್ದರೂ ನೆಲ ಜರಿಯುತ್ತಿತ್ತು ಎಂದು ಎಂಜಿನಿಯರ್ ವರದಿಯಲ್ಲಿ ಬರಬೇಕು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಕುಸಿದವು ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಇವತ್ತೇ ನಗರಸಭೆಗೂ ತಹಶೀಲ್ದಾರರಿಗೂ ಫೋಟೊ ಸಮೇತ ದೂರು ಕೊಡಿ. ನೆಲದಲ್ಲಿ ಬಿರುಕು ಕಂಡರೆ, ಬಾಗಿಲು ಕಿಟಕಿ ಇದ್ದಕ್ಕಿದ್ದ ಹಾಗೆ ಬಿಗಿಯಾದರೆ ಕೇಸು, ಕಾಗದ ಎಲ್ಲ ಆಮೇಲೆ. ಮನೆಯವರನ್ನು ಕರೆದುಕೊಂಡು ಅಲ್ಲಿಂದ ಹೊರಡಿ. ಕೆಳಗಿನ ಮನೆಯವರಿಗೂ ಕೂಗಿ ಹೇಳಿ.